ಎರಡು ಬೀದಿಗೆ ಬಾಗಿಲಿರುವ ಮನೆ

ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಬಂದಾಗ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಸಿಗುತ್ತಿತ್ತು. ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಅದು ದೊಡ್ಡ ಬದಲಾವಣೆ. ಆದರೆ ಮೊದಮೊದಲು ಮಾಗಡಿಯ ದಾಖಲೆ ಮಾಗಡಿಯ ಕಂಪ್ಯೂಟರಿನಲ್ಲಿ, ಕನಕಪುರದ್ದು ಕನಕಪುರದಲ್ಲಿ, ಚನ್ನಪಟ್ಟಣದ್ದು ಚನ್ನಪಟ್ಟಣದಲ್ಲಿ, ರಾಮನಗರದ್ದು ರಾಮನಗರದಲ್ಲಿ ಇರುತ್ತಿತ್ತು. ಕನಕಪುರದಲ್ಲಿ ಮಗಳ ಮನೆಯಲ್ಲಿ ಉಳಿದಿದ್ದ ಮಾಗಡಿಯ ರೈತನಿಗೆ ಪಹಣಿ ಬೇಕಾದರೆ ಬಸ್ಸು ಹತ್ತಿ ಮಾಗಡಿಗೇ ಹೋಗಬೇಕಿತ್ತು. ದಾಖಲೆ ಕಂಪ್ಯೂಟರಿಗೆ ಏರಿದ್ದರೂ ಓಡಾಟ ಮಾತ್ರ ರೈತನ ಕಾಲಿಗೇ ಉಳಿದಿತ್ತು.

ಒಂದೇ ಕಟ್ಟಡದೊಳಗೆ ಕೇಬಲ್ ಎಳೆದು ಜೋಡಿಸಿದ ಕಂಪ್ಯೂಟರುಗಳ ಗುಂಪಿಗೆ ಸ್ಥಳೀಯ ಜಾಲ ಎನ್ನುತ್ತೇವೆ. ನಾಲ್ಕು ತಾಲ್ಲೂಕಿನಲ್ಲಿ ಇಂಥ ನಾಲ್ಕು ಜಾಲಗಳಿದ್ದರೆ ಅವು ನಾಲ್ಕು ದ್ವೀಪಗಳು. ಒಳಗೊಳಗೆ ಎಲ್ಲರೂ ಮಾತಾಡಿಕೊಳ್ಳುತ್ತಾರೆ, ಹೊರಗಿನವರ ಮಾತು ಮಾತ್ರ ಕೇಳಿಸುವುದಿಲ್ಲ. ಆಮೇಲೆ ರಾಜಧಾನಿ, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳನ್ನು ಬೆಸೆಯುವ ಸರ್ಕಾರಿ ಜಾಲ, ಕೆಸ್ವಾನ್, ಹರಡಿತು. ದಾಖಲೆಗಳು ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿದವು. ಇಂದು ಪಹಣಿಯನ್ನು ಯಾವ ಊರಿನಲ್ಲಿ ಕುಳಿತಾದರೂ ತೆಗೆಯಬಹುದು. ಈ ಬದಲಾವಣೆಗೆ ತಂತಿಯೊಂದೇ ಸಾಲದು. ಎರಡು ಜಾಲಗಳ ನಡುವೆ ನಿಂತು, 'ಇದು ನಮ್ಮ ಊರಿನದಲ್ಲ, ಆ ಕಡೆಗೆ ಹೋಗಬೇಕಾದ್ದು' ಎಂದು ಗುರುತಿಸಿ ದಾಟಿಸುವ ಒಂದು ಯಂತ್ರ ಬೇಕು. ಅದರ ಹೆಸರು ರೂಟರ್. ಅಂಗಡಿಯಲ್ಲಿ ಕೊಂಡುತರುವ, ಎರಡು ಕೊಂಬಿನಂಥ ಆಂಟೆನಾ ಇರುವ ಪೆಟ್ಟಿಗೆಯೇ ರೂಟರ್ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೆಯ ಕಂಪ್ಯೂಟರ್ ಕೂಡ ಆ ಕೆಲಸ ಮಾಡಬಲ್ಲದು. ಅದು ಹೇಗೆಂದು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಇಂಟರ್ನೆಟ್ಟಿನ ಅರ್ಧ ಗುಟ್ಟು ತಿಳಿದಂತೆ.

ನಮ್ಮ ಹಳೆಯ ಪೇಟೆಬೀದಿಗಳಲ್ಲಿ ಕೆಲವು ಮನೆಗಳನ್ನು ನೀವು ನೋಡಿರಬಹುದು. ತಲೆಬಾಗಿಲು ಒಂದು ಬೀದಿಗೆ, ಹಿತ್ತಲ ಬಾಗಿಲು ಇನ್ನೊಂದು ಬೀದಿಗೆ. ಸುತ್ತು ಬಳಸಿ ಹೋಗುವ ಬದಲು ಆ ಮನೆಯ ನಡುಮನೆ ಹಾದುಹೋದರೆ ಎರಡೇ ನಿಮಿಷ. ಆದರೆ ಬಾಗಿಲು ಎರಡಿವೆ ಎಂದ ಮಾತ್ರಕ್ಕೆ ದಾರಿಹೋಕರೆಲ್ಲ ಒಳಗೆ ನುಗ್ಗುವಂತಿಲ್ಲ. ಮನೆಯವರು ಒಪ್ಪಬೇಕು.

ಕಂಪ್ಯೂಟರಿನ ವಿಷಯವೂ ಅಷ್ಟೇ. ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಒಂದರ ಕೇಬಲನ್ನು ಈ ಜಾಲಕ್ಕೂ ಇನ್ನೊಂದರದ್ದನ್ನು ಆ ಜಾಲಕ್ಕೂ ಚುಚ್ಚಿದರೆ ಅದು ಎರಡು ಬೀದಿಗೆ ಬಾಗಿಲಿರುವ ಮನೆಯಾಯಿತು. ಆದರೂ ರೂಟರ್ ಆಗಲಿಲ್ಲ. ತನ್ನ ಹೆಸರಿಗೆ ಬಂದದ್ದನ್ನು ಅದು ತೆಗೆದುಕೊಳ್ಳುತ್ತದೆ, ಬೇರೆಯವರ ಹೆಸರಿಗೆ ಬಂದದ್ದನ್ನು ಎಸೆದುಬಿಡುತ್ತದೆ. ಇದು ದೋಷವಲ್ಲ. ಸಾಮಾನ್ಯ ಕಂಪ್ಯೂಟರ್ ಯಾರೂ ಕೇಳದೆ ಪರರ ಸರಕು ಸಾಗಿಸಬಾರದು ಎಂಬುದು ಇಂಟರ್ನೆಟ್ ಕಟ್ಟಿದವರು ಯೋಚಿಸಿ ಮಾಡಿದ ನಿಯಮ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ನಿಯಮ 'ಐಪಿ ಫಾರ್ವರ್ಡ್' ಎಂಬ ಹೆಸರಿನ ಪುಟ್ಟ ಕಡತದಲ್ಲಿ ಕುಳಿತಿದೆ. ಅದರೊಳಗೆ ಇರುವುದು ಒಂದೇ ಅಂಕಿ, 0. ಅದನ್ನು 1 ಮಾಡಿದರೆ ನಡುಮನೆಯ ದಾರಿ ತೆರೆಯಿತು. ಮತ್ತೆ ಶುರು ಮಾಡುವುದೂ ಬೇಡ, ಆ ಕ್ಷಣದಿಂದಲೇ ಆ ಕಂಪ್ಯೂಟರ್ ರೂಟರ್.

ಬಾಗಿಲು ತೆರೆದ ಮೇಲೆ ಬಂದದ್ದನ್ನು ಯಾವ ಕಡೆಗೆ ಕಳುಹಿಸಬೇಕೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಇಲ್ಲಿ ಅಂಚೆಯಣ್ಣನ ಸಹಾಯ ಪಡೆಯೋಣ. ರಾಮನಗರದ ಪಿನ್‌ಕೋಡ್ 562159. ಚನ್ನಪಟ್ಟಣದ್ದು 562160. ಕನಕಪುರದ್ದು 562117, ಮಾಗಡಿಯದ್ದು 562120. ನಾಲ್ಕರ ಎಡಗಡೆಯ ಮೂರು ಅಂಕಿಗಳೂ ಒಂದೇ. ದೆಹಲಿಯಲ್ಲಿ ಪತ್ರ ವಿಂಗಡಿಸುವವರಿಗೆ ಮಾಗಡಿ ಎಲ್ಲಿದೆ, ಕನಕಪುರ ಯಾವ ದಿಕ್ಕಿಗಿದೆ ಎಂಬುದು ಗೊತ್ತಿರಬೇಕಿಲ್ಲ. 5 ಎಂದರೆ ದಕ್ಷಿಣಕ್ಕೆ, 56 ಎಂದರೆ ಕರ್ನಾಟಕಕ್ಕೆ. ಪತ್ರ ಹತ್ತಿರ ಬಂದಂತೆಲ್ಲ ಬಲಗಡೆಯ ಅಂಕಿಗಳಿಗೆ ಬೆಲೆ ಬರುತ್ತದೆ. 1972ರ ಆಗಸ್ಟ್ 15ರಂದು ಶುರುವಾದ ಈ ಏರ್ಪಾಡಿನ ಜಾಣತನ ಇರುವುದೇ ಇಲ್ಲಿ: ದೂರದವರಿಗೆ ಸ್ವಲ್ಪ ಗೊತ್ತಿದ್ದರೆ ಸಾಕು, ಹತ್ತಿರದವರಿಗೆ ಪೂರ್ತಿ ಗೊತ್ತಿರಬೇಕು.

ಕಂಪ್ಯೂಟರಿನ ಐಪಿ ವಿಳಾಸವೂ ಹೀಗೆಯೇ ಎಡದಿಂದ ಬಲಕ್ಕೆ ಓದುವಂಥದ್ದು. ಒಟ್ಟು 32 ಬಿಟ್, ಅಂದರೆ 0 ಅಥವಾ 1 ಆಗಿರುವ 32 ಅಂಕಿ. ನಮ್ಮ ಅನುಕೂಲಕ್ಕೆ ಅದನ್ನು ನಾಲ್ಕು ತುಂಡು ಮಾಡಿ 192.168.10.7 ಎಂಬಂತೆ ಬರೆಯುತ್ತೇವೆ. ಎಡಗಡೆಯ ಒಂದಷ್ಟು ಬಿಟ್ ಊರನ್ನು ಹೇಳುತ್ತವೆ, ಉಳಿದವು ಮನೆಯನ್ನು. ಎಷ್ಟು ಬಿಟ್ ಊರಿಗೆ ಎಂಬುದನ್ನು ಓರೆಗೆರೆ ಹಾಕಿ ಸೂಚಿಸುವುದು ರೂಢಿ. 192.168.10.0/24 ಎಂದರೆ ಎಡಗಡೆಯ 24 ಬಿಟ್, ಅಂದರೆ ಮೊದಲ ಮೂರು ಸಂಖ್ಯೆ, ಊರಿನ ಗುರುತು. ರೂಟರಿನ ಬಳಿ ಒಂದು ದಾರಿಪಟ್ಟಿ ಇರುತ್ತದೆ. ಇಂಥ ಊರಿನದು ಇಂಥ ಬಾಗಿಲಿಗೆ, ಅಲ್ಲಿಂದ ಮುಂದೆ ಇಂಥವರ ಕೈಗೆ, ಎಂಬ ಸಾಲುಗಳು. ಒಂದು ವಿಳಾಸಕ್ಕೆ ಎರಡು ಸಾಲು ಹೊಂದಿಕೆಯಾದರೆ ಹೆಚ್ಚು ಬಿಟ್ ಹೊಂದುವ ಸಾಲೇ ಗೆಲ್ಲುತ್ತದೆ. 562ರ ಚೀಲಕ್ಕೂ 562120ರ ಚೀಲಕ್ಕೂ ಹೊಂದುವ ಪತ್ರ ಎರಡನೆಯದಕ್ಕೆ ಬೀಳುವಂತೆ. ಯಾವ ಸಾಲಿಗೂ ಹೊಂದದಿದ್ದರೆ? ಅದಕ್ಕೆಂದೇ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಗೊತ್ತಿಲ್ಲದ್ದೆಲ್ಲ ಈ ಕಡೆಗೆ. ರಾಮನಗರದ ಬಸ್ ನಿಲ್ದಾಣದಲ್ಲಿ ಕಲಬುರಗಿಗೆ ಹೇಗೆ ಹೋಗಬೇಕೆಂದು ಕೇಳಿದರೆ, 'ಮೊದಲು ಬೆಂಗಳೂರಿಗೆ ಹೋಗಿ, ಅಲ್ಲಿ ಕೇಳಿ' ಎನ್ನುತ್ತಾರಲ್ಲ, ಅದೇ ಈ ಸಾಲು.

ಇನ್ನೊಂದು ಸಂಗತಿ. ಹಳೆಯ ಲಕೋಟೆಗಳಲ್ಲಿ ರಾಮನಗರ 571511, ಚನ್ನಪಟ್ಟಣ 571501 ಎಂದಿರುವುದು ಸಿಗುತ್ತದೆ. ಆಗ ಈ ಎರಡು ಊರುಗಳ ಸಂಖ್ಯೆ ಮೈಸೂರು ಕಡೆಯ 571ರ ಗುಂಪಿನದು. ಊರು ಇದ್ದಲ್ಲೇ ಇತ್ತು, ರಾಮನಗರದ ರಾಮದೇವರ ಬೆಟ್ಟ ಇದ್ದಲ್ಲೇ ಇತ್ತು, ಬದಲಾದದ್ದು ಪತ್ರ ಬರುವ ದಾರಿ. ಐಪಿ ವಿಳಾಸದ ಗುಣವೂ ಇದೇ. ಅದು ನೀವು ಯಾರೆಂದು ಹೇಳುವುದಿಲ್ಲ, ನಿಮ್ಮನ್ನು ಯಾವ ದಾರಿಯಿಂದ ತಲುಪಬಹುದು ಎಂದು ಹೇಳುತ್ತದೆ. ಜಾಲದ ನಕ್ಷೆ ಬದಲಾದರೆ ವಿಳಾಸವೂ ಬದಲಾಗಬೇಕು.

ಕೆಲವು ವರ್ಷದ ಹಿಂದೆ ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿ ಈ ಕೆಲಸ ಮಾಡುವ ಸಂದರ್ಭ ನನಗೆ ಬಂತು. ಮಕ್ಕಳ ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್, ಅವುಗಳ ವಿಳಾಸ 192.168.10 ಎಂದು ಶುರು. ಕಚೇರಿಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಇಂಟರ್ನೆಟ್ಟಿನ ಪೆಟ್ಟಿಗೆ. ಅಲ್ಲಿನ ವಿಳಾಸ 192.168.20 ಎಂದು ಶುರು. ಲ್ಯಾಬಿನ ಮಕ್ಕಳಿಗೆ ಕಚೇರಿಯ ಪ್ರಿಂಟರ್ ಬೇಕು, ಕಚೇರಿಯ ಕಡತಗಳು ಮಾತ್ರ ಅವರ ಕೈಗೆ ಸಿಗಬಾರದು. ಹಾಗಾಗಿ ಎರಡನ್ನೂ ಒಂದೇ ಜಾಲವಾಗಿ ಬೆರೆಸುವಂತಿರಲಿಲ್ಲ. ನಡುವೆ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಅದರ ಒಂದು ಕಾರ್ಡಿಗೆ 192.168.10.1, ಇನ್ನೊಂದಕ್ಕೆ 192.168.20.2 ಎಂದು ವಿಳಾಸ ಕೊಟ್ಟೆ. 0 ಇದ್ದದ್ದನ್ನು 1 ಮಾಡಿದೆ. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ 'ಗೊತ್ತಿಲ್ಲದ್ದೆಲ್ಲ 192.168.10.1ರ ಕೈಗೆ' ಎಂದು ಹೇಳಿದೆ. ಕೆಲಸ ಮುಗಿಯಿತು ಎಂದುಕೊಂಡು ಲ್ಯಾಬಿನಿಂದ ಕಚೇರಿಯ ಒಂದು ಕಂಪ್ಯೂಟರನ್ನು ಕರೆದು ನೋಡಿದರೆ ಉತ್ತರವೇ ಇಲ್ಲ.

ಕೇಬಲ್ ಬದಲಿಸಿದ್ದಾಯಿತು, ಕಾರ್ಡ್ ಬದಲಿಸಿದ್ದಾಯಿತು. ಮಧ್ಯಾಹ್ನ ಕಳೆಯಿತು. ಕೊನೆಗೆ ಜಾಲದಲ್ಲಿ ಹಾದುಹೋಗುವುದನ್ನು ಕಣ್ಣಿಗೆ ತೋರಿಸುವ ಟಿಸಿಪಿಡಂಪ್ ಎಂಬ ತಂತ್ರಾಂಶ ಹಾಕಿ ನೋಡಿದಾಗ ನಿಜ ಗೊತ್ತಾಯಿತು. ಲ್ಯಾಬಿನಿಂದ ಹೊರಟ ಪೊಟ್ಟಣ, ಅಂದರೆ ಪ್ಯಾಕೆಟ್, ನಡುವಿನ ಕಂಪ್ಯೂಟರ್ ದಾಟಿ ಕಚೇರಿಗೆ ಸರಿಯಾಗಿಯೇ ತಲುಪುತ್ತಿತ್ತು. ಕಚೇರಿಯ ಕಂಪ್ಯೂಟರ್ ಉತ್ತರವನ್ನೂ ಬರೆಯುತ್ತಿತ್ತು. ಆದರೆ 192.168.10 ಎಂಬ ಊರು ಎಲ್ಲಿದೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಇಂಟರ್ನೆಟ್ ಪೆಟ್ಟಿಗೆಗೆ ಕೊಡುವುದು ಅದರ ಅಭ್ಯಾಸ. ಉತ್ತರವನ್ನೂ ಅಲ್ಲಿಗೇ ಕೊಟ್ಟಿತು. ಆ ಪೆಟ್ಟಿಗೆಗೂ ಆ ಊರು ಗೊತ್ತಿಲ್ಲ. ಉತ್ತರ ಅಲ್ಲೇ ಕಳೆದುಹೋಯಿತು. ಪೆಟ್ಟಿಗೆಯ ದಾರಿಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೆ: 192.168.10.0/24 ಎಂಬ ಊರಿಗೆ ಹೋಗಬೇಕಾದರೆ 192.168.20.2ರ ಕೈಗೆ ಕೊಡು. ಮರುಕ್ಷಣವೇ ಲ್ಯಾಬಿನ ಪರದೆಯಲ್ಲಿ ಉತ್ತರಗಳು ಸಾಲುಗಟ್ಟಿದವು. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, 'ಹೋಗೋಕೆ ದಾರಿ ಇದ್ರೆ ಸಾಲ್ದು, ವಾಪಸ್ ಬರೋಕೂ ಬೇಕು ಅಲ್ವಾ ಸಾರ್' ಎಂದಳು. ಎರಡು ಜಾಲ ಜೋಡಿಸಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪ್ರತಿ ರೂಟರೂ ಹೋಗುವ ದಾರಿಯನ್ನು ಮಾತ್ರ ಯೋಚಿಸುತ್ತದೆ, ಬರುವ ದಾರಿ ಅದರ ಲೆಕ್ಕದಲ್ಲಿ ಇನ್ನೊಂದು ಬೇರೆಯೇ ಪ್ರಯಾಣ. ಎರಡೂ ದಿಕ್ಕಿನ ಹೊಣೆ ಕೂಡಿಸುವ ಮನುಷ್ಯನದು.

ಮಕ್ಕಳಿಗೆ ಕಚೇರಿಯ ಕಡತ ಸಿಗಬಾರದು ಎಂದೆನಲ್ಲ, ಅದಕ್ಕೂ ಇದೇ ಕಂಪ್ಯೂಟರ್ ಸಾಕಾಯಿತು. ಲ್ಯಾಬಿನಿಂದ ಬಂದದ್ದು ಪ್ರಿಂಟರಿನ ವಿಳಾಸಕ್ಕಾದರೆ ಬಿಡು, ಇಂಟರ್ನೆಟ್ಟಿಗಾದರೆ ಬಿಡು, ಕಚೇರಿಯ ಉಳಿದ ಯಂತ್ರಗಳಿಗಾದರೆ ತಡೆ. ಇಂಥ ನಿಯಮಗಳ ಪಟ್ಟಿಗೆ ಫೈರ್‌ವಾಲ್ ಎನ್ನುತ್ತಾರೆ. ದಾರಿ ಮಾಡಿಕೊಡುವವನೇ ಕಾವಲುಗಾರನೂ ಆಗಲು ಸಾಧ್ಯವಾಗುವುದು ಎಲ್ಲವೂ ಅವನ ನಡುಮನೆಯನ್ನೇ ಹಾಯಬೇಕಾದ್ದರಿಂದ.

192.168 ಎಂದು ಶುರುವಾಗುವ ವಿಳಾಸ ನಿಮ್ಮ ಮನೆಯಲ್ಲೂ ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸ ಸುಮಾರು 430 ಕೋಟಿ, ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಅದಕ್ಕೇ 1990ರ ದಶಕದಲ್ಲಿ ಕೆಲವು ವಿಳಾಸಗಳನ್ನು ಖಾಸಗಿ ಬಳಕೆಗೆಂದು ಮೀಸಲಿಟ್ಟು, ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಿಕೊಳ್ಳಲಿ, ಹೊರಗಿನ ಜಾಲದಲ್ಲಿ ಮಾತ್ರ ಇವು ಕಾಣಿಸಿಕೊಳ್ಳಬಾರದು ಎಂದು ಗೊತ್ತುಮಾಡಿದರು. ಹಾಗಾದರೆ ಹತ್ತು ಮಕ್ಕಳು ಒಂದೇ ಇಂಟರ್ನೆಟ್ ಸಂಪರ್ಕ ಬಳಸುವುದು ಹೇಗೆ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಎಲ್ಲೆಲ್ಲಿಂದಲೋ ಬಂದ ರೈತರ ಗೂಡು ಒಂದೇ ಅಂಗಳದಲ್ಲಿ ಹರಡಿರುತ್ತದೆ. ನೋಡಲು ಎಲ್ಲವೂ ಒಂದೇ. ಬೇರೆ ಮಾಡುವುದು ಲಾಟ್ ನಂಬರು. ಹರಾಜಿನಲ್ಲಿ ಗೂಡು ಕೊಂಡ ರೀಲರ್, ಅಂದರೆ ನೂಲು ತೆಗೆಯುವವರ, ದುಡ್ಡು ಸರಿಯಾದ ರೈತನಿಗೆ ಸೇರುವುದು ಆ ನಂಬರಿನ ಎದುರು ಯಾರ ಹೆಸರಿದೆ ಎಂಬ ಲೆಕ್ಕದಿಂದ. ಶಾಲೆಯ ಇಂಟರ್ನೆಟ್ ಪೆಟ್ಟಿಗೆಯೂ ಹೀಗೆಯೇ ಮಾಡುತ್ತದೆ. ಒಳಗಿನ ಹತ್ತು ಕಂಪ್ಯೂಟರುಗಳಿಂದ ಬಂದ ಪೊಟ್ಟಣಗಳ ಮೇಲೆ ಕಳುಹಿಸಿದವರ ವಿಳಾಸ ಅಳಿಸಿ ತನ್ನದೊಂದೇ ವಿಳಾಸ ಬರೆಯುತ್ತದೆ. ಜೊತೆಗೆ ಪೋರ್ಟ್ ಎಂಬ ನಂಬರು ಕೊಟ್ಟು, ಆ ನಂಬರು ಯಾರದೆಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ನಂಬರು ನೋಡಿ ಹಂಚುತ್ತದೆ. ಪೋರ್ಟ್ ನಂಬರು 65,535ರವರೆಗೆ ಇರುವುದರಿಂದ ಒಂದು ಶಾಲೆಗೆ ಧಾರಾಳ. 1994ರಲ್ಲಿ ಇಬ್ಬರು ಎಂಜಿನಿಯರುಗಳು ತಾತ್ಕಾಲಿಕ ಪರಿಹಾರವೆಂದು ಪ್ರಕಟಿಸಿದ ವಿಳಾಸ ಬದಲಾವಣೆಯ ಉಪಾಯದಿಂದ ಬೆಳೆದ ಈ 'ನ್ಯಾಟ್' ಇಂದಿಗೂ ನಮ್ಮೆಲ್ಲರ ಮನೆಯಲ್ಲಿ ದುಡಿಯುತ್ತಿದೆ. ನನಗೆ ಇದರ ಬಗ್ಗೆ ಒಂದು ತಕರಾರಿದೆ. ಒಳಗಿನವರು ಹೊರಗೆ ಕರೆಯಬಹುದು, ಹೊರಗಿನವರು ನೇರವಾಗಿ ಒಳಗಿನವರನ್ನು ಕರೆಯಲಾರರು. ಚನ್ನಪಟ್ಟಣದ ಶಾಲೆಯ ಮಕ್ಕಳು ತಾವೇ ಒಂದು ವೆಬ್‌ಪುಟ ಮಾಡಿ ತಮ್ಮ ಕಂಪ್ಯೂಟರಿನಲ್ಲೇ ಇಟ್ಟರೆ ಮಾಗಡಿಯ ಮಕ್ಕಳಿಗೆ ಅದು ಸುಲಭದಲ್ಲಿ ಕಾಣುವುದಿಲ್ಲ. 128 ಬಿಟ್‌ನ ಹೊಸ ವಿಳಾಸಕ್ರಮ, ಐಪಿವಿ6, ಪೂರ್ತಿ ಬಳಕೆಗೆ ಬಂದರೆ ವಿಳಾಸಕ್ಕೆ ಬರವಿರುವುದಿಲ್ಲ, ಈ ಅಡ್ಡಗೋಡೆಯ ಅಗತ್ಯವೂ ಇರುವುದಿಲ್ಲ.

ದಾರಿಪಟ್ಟಿಗಳಲ್ಲಿ ತಪ್ಪಾದರೆ ಏನಾಗುತ್ತದೆ? ರಾಮನಗರದ ರೂಟರ್ 'ಇದು ಕನಕಪುರದ ಕಡೆಯದು' ಎಂದು ಕಳುಹಿಸುತ್ತದೆ, ಕನಕಪುರದ್ದು 'ಇದು ರಾಮನಗರದ ಕಡೆಯದು' ಎಂದು ವಾಪಸ್ಸು ಕಳುಹಿಸುತ್ತದೆ. ಪೊಟ್ಟಣ ಚೆಂಡಿನಂತೆ ಅತ್ತಿಂದಿತ್ತ. ಹೀಗೆ ಅನಂತವಾಗಿ ಸುತ್ತದಿರಲೆಂದು ಪ್ರತಿ ಪೊಟ್ಟಣಕ್ಕೂ ಹೊರಡುವಾಗಲೇ ಆಯಸ್ಸು ಬರೆದಿರುತ್ತಾರೆ. ಲಿನಕ್ಸ್‌ನಲ್ಲಿ ಅದು 64. ದಾಟಿಸುವ ಪ್ರತಿ ರೂಟರ್ ಅದರಿಂದ ಒಂದು ಕಳೆಯುತ್ತದೆ. ಸೊನ್ನೆಯಾದಾಗ ಎಸೆದು, ಕಳುಹಿಸಿದವರಿಗೆ ಸುದ್ದಿ ಕೊಡುತ್ತದೆ. 1980ರ ದಶಕದ ಕೊನೆಯ ಭಾಗದಲ್ಲಿ ವ್ಯಾನ್ ಜೇಕಬ್ಸನ್ ಎಂಬವರು ಈ ಸಾವಿನ ಸುದ್ದಿಯನ್ನೇ ದಾರಿ ತಿಳಿಯುವ ಸಾಧನ ಮಾಡಿಕೊಂಡರು. ಬೇಕೆಂದೇ ಆಯಸ್ಸು 1 ಬರೆದು ಕಳುಹಿಸಿದರೆ ಮೊದಲ ರೂಟರ್ ಉತ್ತರಿಸುತ್ತದೆ, 2 ಬರೆದರೆ ಎರಡನೆಯದು, 3 ಬರೆದರೆ ಮೂರನೆಯದು. ಟ್ರೇಸ್‌ರೂಟ್ ಎಂಬ ಈ ತಂತ್ರಾಂಶ ಇಂದು ಎಲ್ಲ ಕಂಪ್ಯೂಟರಿಗೂ ಸಿಗುತ್ತದೆ.

ಕಂಪ್ಯೂಟರನ್ನು ರೂಟರ್ ಮಾಡುವುದು ಕೈಯಲ್ಲಿ ಕಾಸಿಲ್ಲದವರ ಉಪಾಯ ಎಂದು ಕೆಲವರು ಭಾವಿಸುತ್ತಾರೆ. ಇತಿಹಾಸ ಬೇರೆಯೇ ಹೇಳುತ್ತದೆ. 1969ರಲ್ಲಿ ಇಂಟರ್ನೆಟ್ಟಿಗೆ ಪೂರ್ವಜವಾದ ಅಮೆರಿಕದ ಅರ್ಪಾನೆಟ್‌ನಲ್ಲಿ ಪೊಟ್ಟಣ ದಾಟಿಸಲು ನಿಂತದ್ದು ಹನಿವೆಲ್ ಕಂಪನಿಯ ಕಂಪ್ಯೂಟರ್. ಬೀರುವಿನಷ್ಟು ದೊಡ್ಡದು, ಸುಮಾರು 400 ಕಿಲೋ ತೂಕ. 1986ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳನ್ನು ಬೆಸೆದ ಎನ್‌ಎಸ್‌ಎಫ್‌ನೆಟ್ ಆರಂಭವಾದದ್ದು ಡೇವಿಡ್ ಮಿಲ್ಸ್ ಬರೆದ ತಂತ್ರಾಂಶ ಓಡಿಸುತ್ತಿದ್ದ ಪುಟ್ಟ ಕಂಪ್ಯೂಟರುಗಳ ಮೇಲೆ, ಸೆಕೆಂಡಿಗೆ 56 ಕಿಲೋಬಿಟ್ ವೇಗದಲ್ಲಿ. ಇಂದಿನ ಒಂದು ಮೆಗಾಬೈಟಿನ ಫೋಟೊ ಅದರಲ್ಲಿ ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅದೇ 1986ರಲ್ಲಿ ನಮ್ಮ ದೇಶದಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲ, ಅರ್ನೆಟ್, ಶುರುವಾಯಿತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಸಂಸ್ಥೆಗಳಲ್ಲಿ ಒಂದು. ರೂಟರ್ ಎಂಬ ಪ್ರತ್ಯೇಕ ಪೆಟ್ಟಿಗೆ ಮಾರುವ ವ್ಯಾಪಾರ ಬೆಳೆದದ್ದು ಇವೆಲ್ಲದರ ಬೆನ್ನಿಗೆ. ಇಂದಿನ ಪೆಟ್ಟಿಗೆಗಳ ಒಳಗೂ ಇರುವುದು ಒಂದು ಕಂಪ್ಯೂಟರೇ, ಎಷ್ಟೋ ಪೆಟ್ಟಿಗೆಗಳಲ್ಲಿ ಅದೇ ಲಿನಕ್ಸ್.

ನಾಲ್ಕೈದು ಜಾಲಗಳಾದರೆ ದಾರಿಪಟ್ಟಿಯನ್ನು ಕೈಯಲ್ಲಿ ಬರೆಯಬಹುದು. ನೂರಾದರೆ ರೂಟರುಗಳೇ ಮಾತಾಡಿಕೊಂಡು ಬರೆದುಕೊಳ್ಳಬೇಕು. ಆಗ ಯಾವ ದಾರಿ ಒಳ್ಳೆಯದು ಎಂಬ ಪ್ರಶ್ನೆ ಏಳುತ್ತದೆ. ರಿಪ್ ಎಂಬ ಹಳೆಯ ಕ್ರಮ ನಡುವೆ ಎಷ್ಟು ನಿಲ್ದಾಣ ಎಂದಷ್ಟೇ ಎಣಿಸುತ್ತದೆ. ಓಎಸ್‌ಪಿಎಫ್ ಎಂಬ ಕ್ರಮ ರಸ್ತೆಯ ಅಗಲಕ್ಕೂ ಬೆಲೆ ಕೊಟ್ಟು, ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಅತಿ ಅಗ್ಗದ ದಾರಿ ಹುಡುಕುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದಾಗ ಇದೇ ಲೆಕ್ಕ ನಮ್ಮ ಕಣ್ಣೆದುರು ನಡೆಯಿತು. ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುವ ಹೊಸ ದಾರಿ ವೇಗದ್ದಾಯಿತು, ಕಾರುಗಳು ಅತ್ತ ತಿರುಗಿದವು. ಹಳೆಯ ರಸ್ತೆ ಬದಿಯ ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವವರು ಕಡಿಮೆಯಾದರು. ದಾರಿಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಯಾರ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬುದೂ ಬದಲಾಗುತ್ತದೆ. ಹಾಗಾಗಿಯೇ ದಾರಿ ಬರೆಯುವವರು ಯಾರು ಎಂಬುದನ್ನು ನಾನು ಕೇವಲ ಎಂಜಿನಿಯರುಗಳ ಪ್ರಶ್ನೆ ಎಂದು ಒಪ್ಪುವುದಿಲ್ಲ.

ಪಕ್ಕದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಊರವರೇ ಒಡೆಯರಾದ ವೈರ್‌ಲೆಸ್ ಜಾಲವನ್ನು ಕಟ್ಟುವ ಕೆಲಸ ಮಾಡಿದೆ. ಅಂಥ ಜಾಲದಲ್ಲಿ ಪ್ರತಿ ಯಂತ್ರವೂ ಪಕ್ಕದವರ ಪೊಟ್ಟಣ ದಾಟಿಸುವ ರೂಟರ್. ನಮ್ಮ ನಾಲ್ಕು ತಾಲ್ಲೂಕಿಗೆ ಇದು ಪಾಠವಾಗಬಲ್ಲದು. ಇಲ್ಲಿನ ಬಂಡೆಗಳು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್, ವೈಫೈ ಅಲೆಗಳು ಅವನ್ನು ಭೇದಿಸಲಾರವು. ಬೆಟ್ಟದ ಈ ಕಡೆಯ ಹಳ್ಳಿ ಆ ಕಡೆಯ ಹಳ್ಳಿಗೆ ಕಾಣುವುದಿಲ್ಲ. ಆದರೆ ಎರಡೂ ಕಡೆಗೆ ಕಾಣುವಂಥ ಎತ್ತರದಲ್ಲಿ ಎರಡು ಆಂಟೆನಾ ಇರುವ ಒಂದು ಪುಟ್ಟ ಕಂಪ್ಯೂಟರ್ ನಿಂತರೆ ಅಡ್ಡಲಾಗಿದ್ದ ಬೆಟ್ಟವೇ ಸೇತುವೆಯಾಗುತ್ತದೆ.

ನಿಮ್ಮ ಊರಿನ ಶಾಲೆಯಲ್ಲಿ ಗುಜರಿಗೆ ಹೋಗಲು ಕಾದಿರುವ ಕಂಪ್ಯೂಟರ್ ಇದ್ದರೆ ಒಮ್ಮೆ ತಡೆಯಿರಿ. ಅದರ ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲಿನ ಕಿಂಡಿ ಒಂದಿರುತ್ತದೆ, ಇನ್ನೊಂದು ಕಾರ್ಡಿಗೆ ಹೆಚ್ಚು ಖರ್ಚಿಲ್ಲ. ಲಿನಕ್ಸ್ ಉಚಿತ. ಕಚೇರಿಯ ಜಾಲಕ್ಕೆ ಕೈಹಚ್ಚುವ ಮುನ್ನ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ, ಅಥವಾ ಎರಡು ಹಳೆಯ ಕಂಪ್ಯೂಟರುಗಳನ್ನು ಅತ್ತ ಇತ್ತ ಇಟ್ಟು ಬೇರೆಯಾಗಿಯೇ ಪ್ರಯೋಗ ಮಾಡಿ. 0 ಇದ್ದದ್ದನ್ನು 1 ಮಾಡುವ ಕೆಲಸವನ್ನು ಮಾತ್ರ ಮಕ್ಕಳ ಕೈಗೇ ಬಿಡಿ.